ಜಾತ್ರಿ ನಾಟಕದಾಗ ನಾವು ನಕ್ಕಿದ್ದು ಯಾರನ್ನ ನೋಡಿ?

ಹತ್ತೂವರೆಗೆ ಅಂತ ಪಾಂಪ್ಲೆಟ್ ಹಂಚಿದ್ದ ನಾಟಕ ಶುರುವಾಗಿದ್ದು ರಾತ್ರಿ ಹನ್ನೆರಡಕ್ಕೆ. ಮುಂದೆ ನೆಲದ ಮೇಲೆ ಹೆಣ್ಣುಮಕ್ಕಳು, ಸಣ್ಣ ಹುಡುಗರು. ಹಿಂದೆ ಕುರ್ಚಿಯ ಮೇಲೆ ಗಂಡಸರು. ಅವರ ಹಿಂದೆ ಬೈಕಿನ ಮೇಲೆ ಕೂತ ಹುಡುಗರ ದಂಡು. ನಮ್ಮ ಗುಂಪಿನ ನಾಲ್ವರು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಕೂತಿದ್ದೆವು. ಊರಿನ ಹೆಸರು, ನಾಟಕದ ಹೆಸರು, ತಂಡದ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಹೊಸ ನಾಟಕ. ಮೊಬೈಲು, ಪ್ರೀತಿ, ಮದುವೆ, ಇವುಗಳ ಗದ್ದಲವೇ ಕಥೆ. ಗೌಡರ ಮಗಳು ಕಾಲೇಜಿಗೆ ಹೋಗುತ್ತಾಳೆ, ಅಪ್ಪ ಮೊಬೈಲು ಕೊಡಿಸುತ್ತಾನೆ, ಅವಳು ಮೂರು ಹುಡುಗರ ಜೊತೆ ಒಟ್ಟಿಗೇ ಚಾಟ್ ಮಾಡುತ್ತಾಳೆ. ಮೂವರೂ ಒಂದೇ ಸಂಜೆ ಮನೆಗೆ ಬರುತ್ತಾರೆ. ಒಬ್ಬ ಜೋಳದ ಕಣಜದಾಗ ಅಡಗಿದರೆ, ಇನ್ನೊಬ್ಬ ದನದ ಕೊಟ್ಟಿಗೆಯಾಗ, ಮೂರನೆಯವ ಗೌಡರದೇ ಪಲ್ಲಂಗದ ಕೆಳಗೆ. ಈ ಕಡೆ ಎಲ್ಲೂ ಹೆಣ್ಣು ಸಿಗದ ಆಳುಮಗ ಮೊಬೈಲಿನೊಳಗಿನ ಎಐ ಹುಡುಗಿಗೆ ತಾಳಿ ಕಟ್ಟಿದ್ದಾನೆ. ಅವಳು ಎಲ್ಲದಕ್ಕೂ "ಹೂಂ ರೀ" ಅನ್ನುತ್ತಾಳೆ. ಚಾರ್ಜು ಇಳಿದಾಗ ಮಾತ್ರ ಸುಮ್ಮನಾಗುತ್ತಾಳೆ. "ಅಯ್ಯೋ, ಹೇಳದ ಕೇಳದ ತವರಿಗಿ ಹ್ವಾದ್ಲಲ್ಲೋ!" ಅಂತ ಅವನು ಚಾರ್ಜರ್ ಹಿಡಿದು ರಂಗದ ತುಂಬ ಓಡಾಡುವಾಗ ನಾವೂ ಹೊಟ್ಟೆ ಹಿಡಿದು ನಕ್ಕೆವು. ಸುಳ್ಳು ಹೇಳುವುದಿಲ್ಲ.

ಆಮೇಲೆ ವಿಡಿಯೊ ಪ್ರಸಂಗ ಬಂತು. ಗೌಡರ ಮಗಳ ವಿಡಿಯೊ ಒಬ್ಬನ ಕೈಗೆ ಸಿಕ್ಕಿ ಊರೆಲ್ಲ ಹರಡುತ್ತದೆ. ಹಾಸ್ಯ ಪಾತ್ರಧಾರಿ ಪಾತ್ರ ಬಿಟ್ಟು ರಂಗದ ಅಂಚಿಗೆ ಬಂದ. ಮೈಕು ಹಿಡಿದು ಜನರನ್ನೇ ಕೇಳಿದ: "ಏನ್ ನಗತೀರಿ? ನಿಮ್ಮೂರಾಗೂ ಹ್ವಾದ ವರ್ಷ ಒಂದು ರಿಲೀಜ್ ಆಗಿತ್ತಂತಲ್ಲ! ನಾ ನೋಡಿಲ್ಲಪಾ, ಯಾರರ ನನಗೂ ಕಳಸ್ರಿ!"

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಬೈಕಿನ ಕಡೆಯಿಂದ ಸೀಟಿ ಬಿತ್ತು. ಕುರ್ಚಿಯ ಕಡೆಯಿಂದ ನಗು ಬಂತು. ಹೆಣ್ಣುಮಕ್ಕಳ ನಡುವಿನಿಂದ ಒಬ್ಬ ತಾಯಿ ಮಗಳ ಕೈ ಹಿಡಿದು ಎದ್ದಳು. ಇಬ್ಬರೂ ತಲೆ ತಗ್ಗಿಸಿ, ಲೈಟು ಇಲ್ಲದ ಕಡೆಯಿಂದ ಹೊರಟುಹೋದರು. ಯಾರು ಎದ್ದರು, ಯಾಕೆ ಎದ್ದರು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಾಟಕ ಮುಂದುವರಿಯಿತು. ಕೊನೆಗೆ ಗೌಡ ಒನಕೆಯಿಂದ ಮೊಬೈಲು ಜಜ್ಜಿದ. ಮಗಳು ಕಾಲಿಗೆ ಬಿದ್ದಳು. ಸೋದರಮಾವನ ಜೊತೆ ಮದುವೆ ಗೊತ್ತಾಯಿತು. ಜನ ಚಪ್ಪಾಳೆ ಹೊಡೆದರು, ಪರದೆ ಬಿತ್ತು.

ನಾವು ಆ ಮನೆಯವರನ್ನು ಕಂಡು, ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. ಗುರುತು ಹತ್ತುವ ಕೆಲವು ವಿವರ ಬದಲಿಸಿದ್ದೇವೆ. ಆ ತಂಗಿ ಹೇಳಿದ್ದು ಎರಡೇ ಮಾತು: "ನನ್ನ ಹೆಸರು ಬ್ಯಾಡ್ರಿ. ಆದ್ರ ಬರೀರಿ."

ನಮ್ಮ ತಪ್ಪು ಮೊದಲು

ಹೋದ ವರ್ಷ ಆ ಫೋಟೊ ಊರಲ್ಲಿ ಓಡಾಡಿದಾಗ ನಮ್ಮಲ್ಲೊಬ್ಬನ ಮೊಬೈಲಿಗೂ ಬಂದಿತ್ತು. ಅವನು ಡಿಲೀಟ್ ಮಾಡಿದ, ಸುಮ್ಮನಾದ. ಕಳಿಸಿದವನಿಗೆ "ಇದು ತಪ್ಪು" ಅನ್ನಲಿಲ್ಲ. ದೂರು ಎಲ್ಲಿ ಕೊಡಬೇಕು ಅಂತ ಆ ಮನೆಗೆ ಹೋಗಿ ಹೇಳಲಿಲ್ಲ. ಪತ್ರಿಕೋದ್ಯಮದ ಡಿಗ್ರಿ ಇದ್ದ ನಾವು ಇದು ನಮ್ಮ ಕೆಲಸವಲ್ಲ ಅಂದುಕೊಂಡೆವು. ನಾಟಕದ ರಾತ್ರಿಯೂ ಟ್ರೇಲರಿನಿಂದ ಇಳಿದು "ಏ, ನಿಲ್ಸು" ಅನ್ನಲಿಲ್ಲ. ಆದ್ದರಿಂದ ಈ ಬರಹದ ಬೈಗುಳದಲ್ಲಿ ನಮಗೂ ಪಾಲಿದೆ.

ನಾವು ನಾಟಕದ ವೈರಿಗಳೂ ಅಲ್ಲ. ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಹಾಕಿದ ಕಂಪನಿ ನಾಟಕದ ಡೇರೆಗಳಲ್ಲಿ ಬೆಳಗಿನ ತನಕ ಕೂತು ಬೆಳೆದವರು ನಮ್ಮಲ್ಲಿದ್ದಾರೆ. ಊರಿನ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡಿ, ಪೇಟಿ ಮಾಸ್ತರರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ನಾಟಕ ಆಡುವುದು ನಮಗೆ ಹೆಮ್ಮೆ. ಕಲಾವಿದರ ಹೊಟ್ಟೆಪಾಡು ಏನು ಅಂತಲೂ ಗೊತ್ತು. ಮಳೆಗಾಲದಲ್ಲಿ ಅವರಿಗೆ ಕೆಲಸ ಇರುವುದಿಲ್ಲ. ಡಬಲ್ ಮೀನಿಂಗ್ ಇಲ್ಲದಿದ್ದರೆ ಟಿಕೆಟ್ಟು ಹರಿಯುವುದಿಲ್ಲ ಅಂತ ಮಾಲೀಕರು ಹೇಳುವುದರಲ್ಲಿ ಸ್ವಲ್ಪ ಸತ್ಯವೂ ಇದೆ. ಸೋಬಾನೆ ಪದದಲ್ಲಿ, ಹೋಳಿ ಹಾಡಿನಲ್ಲಿ ನಮ್ಮ ಅಜ್ಜಿ, ಅಜ್ಜಂದಿರು ಹೇಳುತ್ತಿದ್ದ ಪೋಲಿ ಮಾತಿನ ಮುಂದೆ ಇವರದು ಯಾವ ಲೆಕ್ಕ? ಪೋಲಿ ಮಾತು ನಮಗೆ ಸಿಟ್ಟು ತರಿಸಲಿಲ್ಲ.

ಸಿಟ್ಟು ತರಿಸಿದ್ದು ಬೇರೆ. ಆ ಮಾತು ಬರೆದ ನಾಟಕದಲ್ಲಿ ಇರಲಿಲ್ಲ. ಪರ ಊರಿನಿಂದ ಬಂದ ಹಾಸ್ಯಗಾರನಿಗೆ ನಮ್ಮೂರಿನ ವಿಡಿಯೊ ವಿಷಯ ಹೇಗೆ ಗೊತ್ತು? ಇಲ್ಲಿಯವರೇ ಯಾರೋ ಬಣ್ಣದ ಕೋಣೆಗೆ ಹೋಗಿ ಹೇಳಿದ್ದಾರೆ. ಊರಿನ ಹೆಸರು, ಊರಿನ ಸುದ್ದಿ ಸೇರಿಸಿ ನಗಿಸುವುದು ಹಳೇ ರೂಢಿ. ಗ್ರಾಮ ಪಂಚಾಯಿತಿಯ ನಲ್ಲಿ ನೀರಿನ ಬಗ್ಗೆ, ಸೊಸೈಟಿಯ ಗೊಬ್ಬರದ ಬಗ್ಗೆ ಹಾಗೆ ಹೇಳಿದರೆ ನಾವೇ ಮೊದಲು ಸೀಟಿ ಹೊಡೆಯುತ್ತೇವೆ. ಇಲ್ಲಿ ಕೊಟ್ಟಿದ್ದು ಒಬ್ಬ ಹುಡುಗಿಯ ಗಾಯ.

ಮೊಬೈಲು ಬರುವ ಮುಂಚೆ ಪ್ರೀತಿ ಇರಲಿಲ್ಲವೇ?

ನಾಟಕದ ಒಟ್ಟು ಮಾತು ಇಷ್ಟೇ: ಮೊಬೈಲು ಬಂತು, ಹುಡುಗಿ ಕೆಟ್ಟಳು. ಕಟ್ಟೆಯ ಮೇಲೂ ಇದೇ ಮಾತು. "ಹುಡುಗ್ಯಾರ ಕೈಯಾಗ ಮೊಬೈಲ್ ಕೊಡಬಾರದ್ರೀ."

ಈ ಮಾತನ್ನು ನಮ್ಮದೇ ಆಟ ಎಂದೋ ಸುಳ್ಳು ಮಾಡಿದೆ. ಸಂಗ್ಯಾ ಬಾಳ್ಯಾ ನೋಡದವರು ನಮ್ಮ ಕಡೆ ಯಾರಿದ್ದಾರೆ? ಬೈಲಹೊಂಗಲದ ಸೀಮೆಯ ಕಥೆ. ಸಂಗ್ಯಾನ ಮನಸ್ಸು ಗಂಗಿಯ ಮೇಲೆ ಹೋದಾಗ ಟವರೂ ಇರಲಿಲ್ಲ, ಸಿಮ್ಮೂ ಇರಲಿಲ್ಲ. ಮಾತು ಒಯ್ಯಲು ಒಬ್ಬ ಮುದುಕಿ ಇದ್ದಳು, ಬೆನ್ನಿಗೆ ಗೆಳೆಯ ಬಾಳ್ಯಾ ಇದ್ದ. ಕೊನೆಗೆ ಸಂಗ್ಯಾನ ಜೀವ ಹೋಗಿದ್ದು ಗೆಳೆಯ ಗುಟ್ಟು ಬಿಟ್ಟುಕೊಟ್ಟದ್ದರಿಂದ. ಆ ಆಟ ನೋಡಿ ಎದ್ದುಬಂದ ಯಾರೂ ಬಾಳ್ಯಾನನ್ನು ಒಳ್ಳೆಯವ ಅನ್ನುವುದಿಲ್ಲ.

ನಂಬಿ ಕಳಿಸಿದ ಫೋಟೊವನ್ನು ನಾಲ್ಕು ಜನರಿಗೆ ತೋರಿಸಿದವನು ಇಂದಿನ ಬಾಳ್ಯಾ. ಅದನ್ನು ಗ್ರೂಪಿಗೆ ಹಾಕಿದವನು ಬಾಳ್ಯಾ. "ನನಗೂ ಕಳಸೋ" ಅಂದವನೂ ಬಾಳ್ಯಾನೇ. ಹೊಸ ನಾಟಕದಲ್ಲಿ ಇವನಿಗೆ ಏನಾಯಿತು? ಏನೂ ಇಲ್ಲ. ವಿಡಿಯೊ ಹರಡಿದ ಹುಡುಗ ಎರಡು ಏಟು ತಿಂದು, ಮೂರನೇ ಅಂಕದಲ್ಲಿ ಮದುವೆಯ ಊಟಕ್ಕೆ ಎಲೆ ಹಾಕುತ್ತಿದ್ದ. ಜಜ್ಜಿಹೋಗಿದ್ದು ಹುಡುಗಿಯ ಮೊಬೈಲು, ನಿಂತುಹೋಗಿದ್ದು ಹುಡುಗಿಯ ಕಾಲೇಜು.

ಹುಡುಗಿಯರ ಕೈಯಲ್ಲಿ ಮೊಬೈಲು ತುಂಬಿ ತುಳುಕುತ್ತಿದೆ ಅನ್ನುವುದೂ ಪೂರ್ತಿ ನಿಜವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಮೊಬೈಲು ಇದ್ದ ಹೆಣ್ಣುಮಕ್ಕಳು ನೂರಕ್ಕೆ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57 ಇದ್ದರೆ, ಹೆಂಗಸರು 33. ಉಳಿದವರ ಮೊಬೈಲು ಅಂದರೆ ಗಂಡನ ಮೊಬೈಲು, ಅಣ್ಣನ ಮೊಬೈಲು. ಸರ್ಕಾರಿ ಯೋಜನೆಗೆ ಅರ್ಜಿ ಹಾಕಿದರೆ ಓಟಿಪಿ ಬರುವುದೂ ಆ ನಂಬರಿಗೇ.

ಒನಕೆಯ ಏಟು ಬರೀ ನಾಟಕದ್ದಲ್ಲ. ಒಂದು ಊರಲ್ಲಿ ಒಂದು ಫೋಟೊ ಹರಡಿದರೆ ಆ ಓಣಿಯ ಹತ್ತು ಹುಡುಗಿಯರ ಮೊಬೈಲು ಪೆಟ್ಟಿಗೆ ಸೇರುತ್ತದೆ. ಸ್ಕಾಲರ್‌ಶಿಪ್ಪಿನ ಕೊನೇ ದಿನ ತಪ್ಪುತ್ತದೆ, ಹಾಲ್ ಟಿಕೆಟ್ ಡೌನ್‌ಲೋಡ್ ಆಗುವುದಿಲ್ಲ. ಆಮೇಲೆ ಗಂಡು ನೋಡುವುದು ಶುರು. ಇದನ್ನು ನಾವು ನಮ್ಮ ಅಕ್ಕತಂಗಿಯರ ವಿಷಯದಲ್ಲೇ ಕಂಡಿದ್ದೇವೆ.

ಪ್ರಹಸನ ಯಾರನ್ನು ನೋಡಿ ನಗಬೇಕು?

"ನಗೆ ನಾಟಕಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?" ಅಂತ ಕಮಿಟಿಯ ಹಿರಿಯರೊಬ್ಬರು ಕೇಳಿದರು. ಅವರಿಗೆ ನಾವು ಒಂದು ಹಳೇ ಸಂಗತಿ ಹೇಳಿದೆವು.

1887ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬರೆದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಅಂತ ಅದನ್ನು ಗುರುತಿಸುತ್ತಾರೆ. ಹವ್ಯಕರು ಮನೆಯಲ್ಲಿ ಆಡುವ ಕನ್ನಡದಲ್ಲೇ ಅದು ಇದೆ. ವಿಷಯ ಕನ್ಯಾವಿಕ್ರಯ, ಅಂದರೆ ದುಡ್ಡು ತೆಗೆದುಕೊಂಡು ಹೆಣ್ಣು ಕೊಡುವುದು. ನೋಡಿ, ನಮ್ಮ ಹೊಸ ನಾಟಕದ ಬಾಗಿಲು ತೆರೆದದ್ದೇ ಒಂದು ಪ್ರಹಸನ. ಅದರ ವಿಷಯವೂ ಗಂಡು, ಹೆಣ್ಣು, ಮದುವೆ, ದುಡ್ಡು. ಆ ಪ್ರಹಸನ ಚಾಟಿ ಬೀಸಿದ್ದು ಹೆಣ್ಣನ್ನು ಮಾರುವ ಪದ್ಧತಿಯ ಮೇಲೆ. ಮಾರಾಟವಾದ ಹುಡುಗಿಗೆ ಬುದ್ಧಿ ಹೇಳಲು ಅದು ಬರಲಿಲ್ಲ.

ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ಆಡುವಾಗ ಮಂತ್ರಿ, ಅಧಿಕಾರಿಗಳನ್ನು ಹರಿದು ಹಾಕುತ್ತಿದ್ದರು. ಅವರೂ ನಾಟಕದ ನಡುವೆ ಅಂದಂದಿನ ಸುದ್ದಿ ಎತ್ತುತ್ತಿದ್ದರು. ಆ ಮಾತು ತಿರುಗಿ ಹೊಡೆಯಬಲ್ಲವರ ಮೇಲೆ ಇತ್ತು. ಅದಕ್ಕೆ ಎದೆಗಾರಿಕೆ ಬೇಕು. ನಡುರಾತ್ರಿ ತಾಯಿಯ ಪಕ್ಕ ಚಾಪೆಯ ಮೇಲೆ ಕೂತ ಹುಡುಗಿಯನ್ನು ಮೈಕಿನಲ್ಲಿ ಹೊಡೆಯಲು ಏನು ಬೇಕು?

ನಗಲು ವಿಷಯ ಇಲ್ಲವೇ? ನಮ್ಮೂರ ತುಂಬ ಇದೆ. ಮಗಳಿಗೆ ಮೊಬೈಲು ಬೇಡ ಅನ್ನುವ ಅಪ್ಪ, ಬೆಳೆ ಪರಿಹಾರ ಬಂತೋ ಇಲ್ಲೋ ಅಂತ ನೋಡಲು ಅದೇ ಮಗಳನ್ನು ನಿದ್ದೆಯಿಂದ ಎಬ್ಬಿಸುತ್ತಾನೆ. ಬೆಳಿಗ್ಗೆ ದೇವರ ಫೋಟೊ ಹಾಕಿ ಶುಭೋದಯ ಹೇಳುವ ಹಿರಿಯರು, ರಾತ್ರಿ ಹತ್ತರ ಮೇಲೆ ಬೇರೆ ಗ್ರೂಪಿಗೆ ಬೇರೆಯದನ್ನು ಹಾಕಲು ಹೋಗಿ ಗುಡಿಯ ಕಮಿಟಿಯ ಗ್ರೂಪಿಗೇ ಹಾಕಿ, ಬೆಳಗಿನ ತನಕ ಡಿಲೀಟ್ ಮಾಡಲು ಒದ್ದಾಡುತ್ತಾರೆ. ಗಂಡು ಹೆಣ್ಣು ಮಾತಾಡಿಕೊಳ್ಳಲಿ ಅಂತ ಮೊಬೈಲು ಕೊಟ್ಟು, ಎರಡೂ ಮನೆಯವರು ಸ್ಪೀಕರ್ ಹಾಕಿ ಕೇಳುತ್ತಾರೆ. ಇದರಲ್ಲಿ ಪ್ರಹಸನ ಇಲ್ಲವೇ?

ಆ ಎಐ ಹೆಂಡತಿಯ ಆಳುಮಗನಲ್ಲೂ ಒಳ್ಳೆಯ ನಾಟಕ ಇತ್ತು. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ರೈತ ಹುಡುಗರು ಹೆಣ್ಣು ಸಿಗುತ್ತಿಲ್ಲ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಜನ ನಕ್ಕರು, ಆದರೆ ಅವರ ನೋವು ಸುಳ್ಳಲ್ಲ. ಅಂಥ ಒಂಟಿ ಮನುಷ್ಯ "ಹೂಂ ರೀ" ಅನ್ನುವ ಯಂತ್ರವನ್ನು ಯಾಕೆ ಅಪ್ಪಿಕೊಳ್ಳುತ್ತಾನೆ? "ಊಹೂಂ" ಅನ್ನಬಲ್ಲ ಹೆಣ್ಣನ್ನು ಕಂಡರೆ ನಮಗೆ ಯಾಕೆ ಇಷ್ಟು ಭಯ? ನಾಟಕಕಾರ ಈ ಪ್ರಶ್ನೆಯ ಬಾಗಿಲ ತನಕ ಬಂದು, ಚಾರ್ಜರಿನ ಡಬಲ್ ಮೀನಿಂಗ್ ಹೇಳಿ ವಾಪಸು ಹೋದ.

ನಾಚಿಕೆಯೇ ಅವರ ಬಂಡವಾಳ

ಇನ್ನು ಮುಖ್ಯ ಮಾತು. ಖಾಸಗಿ ಫೋಟೊ ಇಟ್ಟುಕೊಂಡು ಹೆದರಿಸುವವನ ಕೈಯಲ್ಲಿ ಬೇರೆ ಆಯುಧ ಇಲ್ಲ. "ಊರಿಗೆ ಗೊತ್ತಾದರೆ ಏನಂತಾರೆ" ಅನ್ನುವ ಭಯ ಒಂದೇ ಅವನ ಬಂಡವಾಳ. ಆ ರಾತ್ರಿಯ ನಾಟಕ ಏನಂತಾರೆ ಅಂತ ಮೈಕು ಹಿಡಿದು ತೋರಿಸಿತು. ಸೀಟಿ ಹೊಡೀತಾರೆ, ಇನ್ನೊಮ್ಮೆ ಕಳಸು ಅಂತಾರೆ. ಅಲ್ಲಿ ಕೂತಿದ್ದ ಯಾವ ಹುಡುಗಿಗಾದರೂ ನಾಳೆ ಹೀಗಾದರೆ ಅವಳು ಅಪ್ಪನಿಗೆ ಹೇಳುತ್ತಾಳೆಯೇ? ಹೇಳುವುದಿಲ್ಲ. ಬ್ಲ್ಯಾಕ್‌ಮೇಲ್ ಮಾಡುವವನು ಕೇಳಿದಷ್ಟು ದುಡ್ಡು ಕೊಡುತ್ತಾಳೆ, ಕರೆದಲ್ಲಿಗೆ ಹೋಗುತ್ತಾಳೆ. ಅಥವಾ ಬಾವಿಯ ಕಡೆ ನೋಡುತ್ತಾಳೆ.

ಇದು ಹುಡುಗಿಯರ ಕಷ್ಟ ಮಾತ್ರ ಅಲ್ಲ. ಅಪರಿಚಿತ ನಂಬರಿನಿಂದ ವಿಡಿಯೊ ಕಾಲ್ ಬರುತ್ತದೆ, ಆ ಕಡೆ ಬಟ್ಟೆಯಿಲ್ಲದ ಹೆಣ್ಣಿನ ಚಿತ್ರ. ಈ ಕಡೆಯ ಗಂಡಸಿನ ಮುಖ ರೆಕಾರ್ಡ್ ಆಗುತ್ತದೆ. ಮರುದಿನದಿಂದ ದುಡ್ಡಿನ ಬೇಡಿಕೆ. ಆಮೇಲೆ ಪೊಲೀಸ್ ಹೆಸರಿನಲ್ಲಿ ಇನ್ನೊಂದು ಸುಳ್ಳು ಕಾಲ್. ಹೆಂಡತಿಯ ಸರ ಅಡವಿಟ್ಟು ಕೊಟ್ಟವರು ಹಳ್ಳಿಯಲ್ಲೂ ಇದ್ದಾರೆ, ಯಾರಿಗೂ ಹೇಳುವುದಿಲ್ಲ ಅಷ್ಟೇ. ಆ ರಾತ್ರಿ ಕುರ್ಚಿಯ ಮೇಲೆ ನಕ್ಕವರಲ್ಲಿ ಅಂಥವರೂ ಇದ್ದಿರಬಹುದು.

2024ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಪೆನ್‌ಡ್ರೈವ್ ಹಂಚಿದರು. ಹೆಣ್ಣುಮಕ್ಕಳ ಮುಖ ಮಸುಕು ಮಾಡುವಷ್ಟು ಕರುಣೆಯೂ ಹಂಚಿದವರಿಗೆ ಇರಲಿಲ್ಲ. ವಿಡಿಯೊ ಹಂಚಿದರೆ ಕೇಸು ಹಾಕುತ್ತೇವೆ ಅಂತ ವಿಶೇಷ ತನಿಖಾ ತಂಡವೇ ಎಚ್ಚರಿಸಬೇಕಾಯಿತು. ನಮ್ಮ ಜಿಲ್ಲೆಯಲ್ಲೂ ಜನ "ಲಿಂಕ್ ಐತೇನು?" ಅಂತ ಕೇಳಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಅಂಥ ಹೊತ್ತಿನಲ್ಲೂ ಒಬ್ಬ ಮನೆಗೆಲಸದ ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದಳು. 2025ರ ಆಗಸ್ಟ್‌ನಲ್ಲಿ ಆ ಪ್ರಕರಣದ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಆ ತಾಯಿಯ ಧೈರ್ಯದ ಮೇಲೆ ನಾಟಕ ಬರೆಯುವವರು ಯಾರೂ ಇಲ್ಲವೇ?

ಕಾನೂನು ಏನು ಹೇಳುತ್ತದೆ ಅಂತ ಬಿಡಿಸಿ ಬರೆಯುತ್ತೇವೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹುಡುಗಿ ಫೋಟೊ ತೆಗೆಯಲು ಒಪ್ಪಿರಬಹುದು, ತಾನೇ ಕಳಿಸಿರಬಹುದು. ಹಂಚಲು ಒಪ್ಪಿಲ್ಲ ಅಂದರೆ ಹಂಚುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದನ್ನು ಹೇಳುತ್ತದೆ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. "ಅಕಿನ ಕಳಿಸಿದ್ಲಲ್ರೀ" ಅನ್ನುವ ಕಟ್ಟೆಯ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಲೈಂಗಿಕ ದೃಶ್ಯವನ್ನು ಮೊಬೈಲಿನಲ್ಲಿ ಹಂಚಿದರೆ ಐಟಿ ಕಾಯ್ದೆಯ 67ಎ ಸೆಕ್ಷನ್ನಿನಡಿ 5 ವರ್ಷದ ತನಕ ಜೈಲು, 10 ಲಕ್ಷದ ತನಕ ದಂಡ. "ನಾ ಬರೀ ಫಾರ್ವರ್ಡ್ ಮಾಡೀನಿ" ಅಂದರೂ ಅದು ಹಂಚಿದಂತೆಯೇ. ಹುಡುಗಿ ಅಥವಾ ಹುಡುಗನಿಗೆ 18 ತುಂಬದಿದ್ದರೆ ಪೋಕ್ಸೊ ಕಾಯ್ದೆಯೂ ಸೇರುತ್ತದೆ.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜಿಲ್ಲೆಗೆ ಸಿಇಎನ್ ಪೊಲೀಸ್ ಠಾಣೆ ಇದೆ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರ, ಮಕ್ಕಳ ಮೇಲಿನ ಇಂಥ ಅಪರಾಧವನ್ನು ಹೆಸರು ಹೇಳದೆಯೂ ತಿಳಿಸಬಹುದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ಮೆಸೇಜು, ನಂಬರು, ತಾರೀಖು ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೆದರಿ ಎಲ್ಲ ಡಿಲೀಟ್ ಮಾಡಬೇಡಿ.

ಇದು ಮರ್ಯಾದೆಯ ಪ್ರಶ್ನೆ ಅನ್ನುವವರಿಗೆ ಇನ್ನೊಂದು ಮಾತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಬೆಂಗಳೂರಿನವರಿಗೆ ಎಷ್ಟೋ, ಚಾಪೆಯ ಮೇಲಿಂದ ಎದ್ದುಹೋದ ನಮ್ಮ ತಂಗಿಗೂ ಅಷ್ಟೇ.

ನಾವು ಕೇಳುವುದು ಇಷ್ಟು

ಜಾತ್ರಾ ಕಮಿಟಿಯವರೇ, ವೀಳ್ಯ ಕೊಡುವಾಗಲೇ ತಂಡಕ್ಕೆ ಹೇಳಿ: ಊರಿನ ಯಾವ ಮನೆಯ ಸುದ್ದಿಯೂ ರಂಗದ ಮೇಲೆ ಬರಬಾರದು. ಬಣ್ಣದ ಕೋಣೆಗೆ ಚಾಡಿ ಒಯ್ಯುವವರನ್ನು ಬಾಗಿಲಲ್ಲೇ ತಡೆಯಿರಿ. ಅವರು ಯಾರು ಅಂತ ನಿಮಗೆ ಗೊತ್ತಿದೆ.

ನಾಟಕ ಬರೆಯುವ ಕವಿಗಳೇ, ಹಾಸ್ಯ ಕಲಾವಿದರೇ, ನೀವು ನಮ್ಮವರು. ನಿಮ್ಮ ನಾಟಕ ನಿಲ್ಲಿಸಿ ಅನ್ನುವುದಿಲ್ಲ, ಸೆನ್ಸಾರ್ ತನ್ನಿ ಅಂತಲೂ ಅನ್ನುವುದಿಲ್ಲ. ಮೂರನೇ ಅಂಕ ಇನ್ನೊಮ್ಮೆ ಬರೆಯಿರಿ. ಒನಕೆ ಗೌಡರ ಕೈಯಲ್ಲೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅವರು ಅಟ್ಟಿಸಿಕೊಂಡು ಹೋಗುವುದು ವಿಡಿಯೊ ಹರಡಿದವನನ್ನಾಗಲಿ. ಅವನು ಕಣಜ, ಕೊಟ್ಟಿಗೆ, ಪಲ್ಲಂಗದ ಕೆಳಗೆ ಅಡಗುತ್ತ ಓಡಲಿ. ಅವನ ಮೊಬೈಲು ಠಾಣೆಗೆ ಹೋಗಲಿ, ಹುಡುಗಿ ಕಾಲೇಜಿಗೆ ಹೋಗಲಿ. ನಗು ಕಡಿಮೆಯಾದರೆ ನಮ್ಮನ್ನು ಕೇಳಿ.

ಹಿಂದೆ ಕೂತು ಸೀಟಿ ಹೊಡೆದ ಅಣ್ಣತಮ್ಮಂದಿರೇ, ನಿಮ್ಮ ಮೊಬೈಲಿನಲ್ಲಿ ಅಂಥ ಫೋಟೊ ಇನ್ನೂ ಇದ್ದರೆ ಅಳಿಸಿ. ನಿಮಗೆ ಕಳಿಸಿದವನ ಮುಖ ನೋಡಿ "ಬಾಳ್ಯಾ" ಅನ್ನಿ, ಅವನಿಗೆ ಅರ್ಥವಾಗುತ್ತದೆ.

ಅಪ್ಪ, ಅವ್ವಂದಿರೇ, ಮಗಳಿಗೆ ಒಂದೇ ಮಾತು ಹೇಳಿಟ್ಟಿರಿ: "ಏನ ಆಗಲಿ, ಮೊದಲ ನನಗ ಹೇಳು, ನಾ ಬೈಯೂದಿಲ್ಲ." ಮಗನಿಗೂ ಅದೇ ಮಾತು ಹೇಳಿ. ಬ್ಲ್ಯಾಕ್‌ಮೇಲ್ ಮಾಡುವವನ ಬಂಡವಾಳ ಮುಳುಗುವುದು ಈ ಮಾತಿನಿಂದಲೇ.

ಕಮಿಟಿಯ ಹಿರಿಯರಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರೂ ವರ್ಷ ನಾಟಕ ಹಾಕೂ ಮೊದಲ ನೀವೂ ಒಮ್ಮಿ ಓದಿ ನೋಡ್ರೆಪಾ" ಅಂದರು. ನಾವು ಒಪ್ಪಿದ್ದೇವೆ. ಆದರೆ ಓದಲು ನಾವು ನಾಲ್ಕು ಗಂಡುಹುಡುಗರಷ್ಟೇ ಸಾಲದು ಅಂತಲೂ ಹೇಳಿದ್ದೇವೆ. ಊರಿನ ಸ್ತ್ರೀಶಕ್ತಿ ಸಂಘದ ಇಬ್ಬರು ಅಕ್ಕಂದಿರು, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ತಾಲೀಮಿಗೆ ಬಂದು ಕೂರಬೇಕು. ಹಿರಿಯರು ಇದಕ್ಕೆ ಇನ್ನೂ ಹೂಂ ಅಂದಿಲ್ಲ. ಯುಗಾದಿಯ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇವೆ. ನಿಮ್ಮ ಊರಿನ ಕಮಿಟಿಯನ್ನು ನೀವೂ ಕೇಳಿ.